‘ಸಹಿಸಿಕೋ’ ಎನ್ನುವುದು ಮದ್ದಲ್ಲ

ವರದಕ್ಷಿಣೆ ಸಾವು, ಗಂಡನ ಹೊಡೆತ, ಅತ್ತೆಮನೆಯಿಂದ ಹೊರದಬ್ಬಿಸಿಕೊಂಡ ಹೆಣ್ಣುಮಕ್ಕಳ ಗೋಳು - ಇವು ಈ ಪತ್ರಿಕೆಯಲ್ಲಿ ನಾವು ಮತ್ತೆ ಮತ್ತೆ ಚರ್ಚಿಸುವ ವಿಷಯಗಳು. ಈ ಸಲ ನಾನು ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಬರೆಯಲು ಕುಳಿತಿದ್ದೇನೆ. ‘ಇದೇನು ಮೇಡಂ, ಮುಟ್ಟಿನ ನೋವಿಗೂ ವರದಕ್ಷಿಣೆಗೂ ಎಲ್ಲಿಂದೆಲ್ಲಿಯ ಸಂಬಂಧ?’ ಎಂದು ನೀವು ಕೇಳಬಹುದು. ಸಂಬಂಧವಿದೆ. ಹೆಣ್ಣು ‘ನೋವು’ ಎಂದಾಗ ಮನೆಯವರು ನಂಬದೆ ಹೋದರೆ, ಆ ಅಪನಂಬಿಕೆಯಿಂದಲೇ ‘ಮೈಗಳ್ಳಿ’ ಎಂಬ ಬೈಗುಳ ಹುಟ್ಟುತ್ತದೆ. ಬೈಗುಳದ ಹಿಂದೆ ಹೊಡೆತ ಬರುತ್ತದೆ. ಮಗುವಾಗದಿದ್ದರೆ ‘ಬಂಜೆ’ ಎಂಬ ಹೆಸರು, ತವರಿನಿಂದ ಆಸ್ಪತ್ರೆಯ ದುಡ್ಡು ತಾ ಎಂಬ ಪೀಡನೆ, ಕೊನೆಗೆ ಎರಡನೇ ಮದುವೆಯ ಬೆದರಿಕೆ. ಇಷ್ಟೂ ಹಿಂಸೆಗೆ ನೆಪವಾಗುವ ಒಂದು ಕಾಯಿಲೆ ಇದೆ. ಅದನ್ನು ಹೊತ್ತುಕೊಂಡು ಸುಮಾರು ನಲವತ್ತು ವರ್ಷ ಬದುಕಿದವಳು ನಾನು. ಆದ್ದರಿಂದ ಈ ಮಾತನ್ನು ಹೇಳುವ ಹಕ್ಕು ನನಗಿದೆ ಎಂದು ಭಾವಿಸಿದ್ದೇನೆ.

ಕಾಯಿಲೆ ಯಾವುದು?

ಇದರ ಹೆಸರು ಎಂಡೊಮೆಟ್ರಿಯೋಸಿಸ್. ಹೆಸರು ಉದ್ದ, ನಾಲಿಗೆಗೆ ಕಷ್ಟ. ಆದರೂ ಒಮ್ಮೆ ಕಲಿತಿಟ್ಟುಕೊಳ್ಳಿ. ‘ಡಾಕ್ಟರೇ, ಇದು ಎಂಡೊಮೆಟ್ರಿಯೋಸಿಸ್ ಇರಬಹುದೇ?’ ಎಂದು ಹೆಸರು ಹಿಡಿದು ಕೇಳುವ ಹೆಂಗಸನ್ನು ಎರಡು ಮಾತ್ರೆ ಕೊಟ್ಟು ಸಾಗಹಾಕುವುದು ಅಷ್ಟು ಸುಲಭವಲ್ಲ.

ನಮ್ಮ ಗರ್ಭಕೋಶದ ಒಳಗೆ ಒಂದು ಪದರವಿದೆ. ಪ್ರತಿ ತಿಂಗಳೂ ಅದು ದಪ್ಪವಾಗುತ್ತದೆ, ಬಸಿರು ನಿಲ್ಲದಿದ್ದರೆ ಕಳಚಿ ರಕ್ತದೊಂದಿಗೆ ಹೊರಗೆ ಹೋಗುತ್ತದೆ. ಅದೇ ಮುಟ್ಟು. ಕೆಲವು ಹೆಂಗಸರಲ್ಲಿ ಈ ಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆದಿರುತ್ತದೆ - ಅಂಡಾಶಯದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ತಿಂಗಳ ಹಾರ್ಮೋನುಗಳಿಗೆ ಅದೂ ಸ್ಪಂದಿಸುತ್ತದೆ. ಆದರೆ ಅಲ್ಲಿ ಒಸರಿದ ರಕ್ತಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಸುತ್ತಲೂ ಉರಿಯೂತವಾಗುತ್ತದೆ, ಗಾಯ ಮಾಗಿದ ಕಲೆ ಕಟ್ಟುತ್ತದೆ, ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ಹಳೆಯ ರಕ್ತ ಕಪ್ಪಗೆ ತುಂಬಿಕೊಂಡು ಗಂಟಾದರೆ ಅದಕ್ಕೆ ವೈದ್ಯರು ‘ಚಾಕೊಲೇಟ್ ಸಿಸ್ಟ್’ ಎನ್ನುತ್ತಾರೆ.

ಮುಟ್ಟಿನ ಮೊದಲ ದಿನ ಸ್ವಲ್ಪ ಹೊಟ್ಟೆನೋವು ಬರುವುದು ಎಷ್ಟೋ ಜನಕ್ಕೆ ಇದ್ದದ್ದೇ. ಈ ನೋವು ಅಂಥದ್ದಲ್ಲ. ಶಾಲೆ, ಹೊಲ, ಫ್ಯಾಕ್ಟರಿ ಬಿಟ್ಟು ಮಲಗಿಸುವ ನೋವು. ಮುಟ್ಟಿಗೆ ಮುಂಚೆಯೇ ಶುರುವಾಗಿ ನಿಂತ ಮೇಲೂ ಬಿಡದ ನೋವು. ಸೊಂಟ, ತೊಡೆಗೆ ಇಳಿಯುತ್ತದೆ. ಮುಟ್ಟಿನ ದಿನಗಳಲ್ಲಿ ಮಲ ವಿಸರ್ಜನೆಗೆ ಕೂತರೆ, ಮೂತ್ರಕ್ಕೆ ಕೂತರೆ ಚಾಕು ಹಾಕಿದಂತಾಗುತ್ತದೆ. ಗಂಡನ ಜೊತೆ ಕೂಡುವಾಗ ಒಳಗೆ ಆಳದಲ್ಲಿ ನೋವು. ಹೊಟ್ಟೆ ಉಬ್ಬರ, ವಾಕರಿಕೆ, ಎಷ್ಟು ಮಲಗಿದರೂ ಹೋಗದ ಸುಸ್ತು. ಕೆಲವರಿಗೆ ಬಸಿರು ನಿಲ್ಲುವುದು ತಡವಾಗುತ್ತದೆ ಅಥವಾ ನಿಲ್ಲುವುದೇ ಇಲ್ಲ. ಎಲ್ಲರಿಗೂ ಎಲ್ಲವೂ ಇರುವುದಿಲ್ಲ. ಒಳಗೆ ಕಾಯಿಲೆ ಚಿಕ್ಕದಿದ್ದರೂ ನೋವು ದೊಡ್ಡದಿರಬಹುದು, ಕಾಯಿಲೆ ದೊಡ್ಡದಿದ್ದೂ ನೋವೇ ಇಲ್ಲದಿರಬಹುದು.

ಇದು ಅಪರೂಪದ ರೋಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಂಗಸರಿಗೆ ಇದು ಇದೆ. ಆ ಲೆಕ್ಕದಲ್ಲಿ 20 ಮಂದಿಯ ನಿಮ್ಮ ಸಂಘದಲ್ಲಿ ಇಬ್ಬರಿಗೆ ಇರಬಹುದು. ಆ ಇಬ್ಬರು ಯಾರು ಎಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ, ಏಕೆ ಗೊತ್ತಿಲ್ಲ?

ಇದರ ಮೂಲ ಕಾರಣ ವಿಜ್ಞಾನಕ್ಕೆ ಇನ್ನೂ ಪೂರ್ತಿ ತಿಳಿದಿಲ್ಲ. ಮುಟ್ಟಿನ ರಕ್ತದಲ್ಲಿ ಸ್ವಲ್ಪ ಭಾಗ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿದು ಅಲ್ಲಿ ನೆಲೆಯೂರುತ್ತದೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಹೇಳಿದರು. ಅದೊಂದೇ ಕಾರಣವಲ್ಲ ಎನ್ನುವುದು ಈಗಿನ ತಿಳಿವಳಿಕೆ. ತಾಯಿಗೋ ಅಕ್ಕನಿಗೋ ಇದ್ದರೆ ಇವಳಿಗೂ ಬರುವ ಸಂಭವ ಹೆಚ್ಚು. ಆದರೆ ಒಂದು ಮಾತು ಖಂಡಿತ. ಮುಟ್ಟಾದಾಗ ದೇವರ ಮನೆ ದಾಟಿದ್ದಕ್ಕೆ, ಜಾತಕದ ದೋಷಕ್ಕೆ, ಹಿಂದಿನ ಜನ್ಮದ ಪಾಪಕ್ಕೆ ಈ ಕಾಯಿಲೆ ಬರುವುದಿಲ್ಲ.

ಇಪ್ಪತ್ತು ವರ್ಷದ ದಾರಿ

ನನಗೆ ಮುಟ್ಟು ಶುರುವಾದದ್ದು 1973ರಲ್ಲಿ, 13ನೇ ವಯಸ್ಸಿನಲ್ಲಿ. ನನ್ನ ಕಾಯಿಲೆಗೆ ಒಂದು ಹೆಸರಿದೆ ಎಂದು ತಿಳಿದದ್ದು 1993ರಲ್ಲಿ. ನಡುವೆ ಇಪ್ಪತ್ತು ವರ್ಷ. ಜಗತ್ತಿನ ಬೇರೆ ಬೇರೆ ದೇಶಗಳಲ್ಲಿಯೂ ನೋವು ಶುರುವಾಗಿ ರೋಗ ಪತ್ತೆಯಾಗಲು 4ರಿಂದ 12 ವರ್ಷ ಹಿಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಅಮ್ಮ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಕಿಬ್ಬೊಟ್ಟೆಗೆ ಇಡುತ್ತಿದ್ದಳು, ಓಮದ ಕಷಾಯ ಕುಡಿಸುತ್ತಿದ್ದಳು. ‘ಹೆಣ್ಣು ಜನ್ಮ, ಸಹಿಸ್ಕೋಬೇಕು ಕಣೆ’ ಎನ್ನುತ್ತಿದ್ದಳು. ಅವಳಿಗೆ ಅವಳ ತಾಯಿ ಹೇಳಿದ್ದೂ ಅದನ್ನೇ. ಊರಿನ ವೈದ್ಯರು ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ’ ಎಂದರು. ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಎರಡನೇ ವರ್ಷದ ಒಂದು ಪತ್ರಿಕೆಯನ್ನು ಎರಡು ಸಲ ಹೊರಗೆದ್ದು ಹೋಗಿ ವಾಂತಿ ಮಾಡಿಕೊಂಡು ಬಂದು ಬರೆದೆ. ಪಾಸೂ ಆದೆ, ಉಪನ್ಯಾಸಕಿಯ ಕೆಲಸವೂ ಸಿಕ್ಕಿತು.

1985ರಲ್ಲಿ ಮದುವೆಯಾಯಿತು. ‘ಕೆಲಸದ ಹುಡುಗಿ ಅಂತ ವರದಕ್ಷಿಣೆಯಲ್ಲಿ ರಿಯಾಯಿತಿ ಮಾಡಿದ್ದೀವಿ’ ಎಂದು ಗಂಡಿನ ಕಡೆಯವರು ಹೇಳಿಕೊಂಡರು. ರಿಯಾಯಿತಿ ಎಂದರೆ ಏನೆಂದು ಮುಂದಿನ ತಿಂಗಳು ಗೊತ್ತಾಯಿತು. ನನ್ನ ಸಂಬಳ ಪೂರ್ತಿ ಗಂಡನ ಕೈಗೆ. ಬಸ್ಸಿನ ಚಾರ್ಜು ಮಾತ್ರ ನನಗೆ. ಮುಟ್ಟಿನ ದಿನಗಳಲ್ಲಿ ಮಲಗಿದರೆ, ‘ಪಾಠ ಮಾಡೋಕೆ ಶಕ್ತಿ ಇರುತ್ತೆ, ಹಿಟ್ಟು ರುಬ್ಬೋಕೆ ಮಾತ್ರ ಇರಲ್ಲ’ ಎಂದು ಅತ್ತೆ ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದರು. ಗಂಡ ಎಂದೂ ಹೊಡೆಯಲಿಲ್ಲ. ಹಾಸಿಗೆಯಲ್ಲಿ ನೋವೆಂದು ನಾನು ಹಿಂಜರಿದರೆ ತಿಂಗಳುಗಟ್ಟಲೆ ಮಾತು ಬಿಡುತ್ತಿದ್ದರು. ನಾಲ್ಕು ವರ್ಷವಾದರೂ ಮಗುವಾಗದಿದ್ದಾಗ ನನ್ನ ತಂದೆಗೆ ಕಾಗದ ಹೋಯಿತು: ‘ರೋಗದ ಹುಡುಗಿಯನ್ನು ಮುಚ್ಚಿಟ್ಟು ಕೊಟ್ಟಿದ್ದೀರಿ, ಚಿಕಿತ್ಸೆಯ ಖರ್ಚು ನಿಮ್ಮದು.’ ಅಪ್ಪ ಒಂದು ಎಕರೆ ತೋಟ ಮಾರಿದರು. ಸರ್ಕಾರಿ ಸಂಬಳ ಎಣಿಸುವ ಮಗಳ ಚಿಕಿತ್ಸೆಗೆ ಅಪ್ಪನ ತೋಟ ಹೋಯಿತು! ಇದನ್ನು ವರದಕ್ಷಿಣೆಯ ಎರಡನೇ ಕಂತು ಎನ್ನದೆ ಮತ್ತೇನೆನ್ನಬೇಕು?

ನನ್ನ ನೋವನ್ನು ಮೊದಲು ನಂಬಿದವಳು ನಮ್ಮ ಕಾಲೇಜಿನ ಆಯಾ. ಓದು ಬರಹ ಬಾರದ ಹೆಂಗಸು. ಒಂದು ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಮುದುಡಿ ಕುಳಿತಿದ್ದ ನನ್ನನ್ನು ನೋಡಿ, ‘ಅಮ್ಮಾವ್ರೇ, ನನ್ ತಂಗೀಗೂ ಹಿಂಗೇ ಆಯ್ತಿತ್ತು. ಇದು ಬರೀ ಮುಟ್ಟಿನ ನೋವಲ್ಲ, ದೊಡ್ಡಾಸ್ಪತ್ರೆಗೆ ತೋರಿಸ್ರಿ’ ಎಂದಳು. ಅಂದಿನಿಂದ ತಿಂಗಳಿಗೆ ಮೂರು ದಿನ ಸಾಮಾನಿನ ಕೋಣೆಯಲ್ಲಿ ನನಗಾಗಿ ಒಂದು ಚಾಪೆ ಹಾಸಿಡುತ್ತಿದ್ದಳು, ಬಾಟಲಿಗೆ ಬಿಸಿನೀರು ತುಂಬಿ ತರುತ್ತಿದ್ದಳು. ಹಿಂದಿ ವಿಭಾಗದ ಗೆಳತಿಯೊಬ್ಬಳು ನನ್ನ ಪಿರಿಯಡ್‌ಗಳನ್ನು ತಾನು ತೆಗೆದುಕೊಂಡಳು. ಬೆಂಗಳೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವಳೂ ಅವಳೇ. ತನ್ನ ಕೈಯಿಂದ ದುಡ್ಡು ಹಾಕಿದಳು, ರಜೆ ಹಾಕಿ ನಾಲ್ಕು ದಿನ ನನ್ನ ಹಾಸಿಗೆಯ ಪಕ್ಕ ಕುಳಿತಳು. ಹೊಕ್ಕುಳ ಬಳಿ ಚಿಕ್ಕ ತೂತು ಮಾಡಿ ಒಳಗೆ ನೋಡುವ ಲ್ಯಾಪರೊಸ್ಕೋಪಿ ಮಾಡಿದರು. ಮರುದಿನ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, ‘ನಿಮ್ಮ ನೋವು ನಿಜ. ಇಷ್ಟು ವರ್ಷ ಹೇಗೆ ತಡೆದುಕೊಂಡಿರಿ?’ ಎಂದು ಕೇಳಿದರು. ಕಾಯಿಲೆ ಇದೆ ಎಂದು ಕೇಳಿ ನಾನು ಅತ್ತದ್ದು ದುಃಖಕ್ಕಲ್ಲ. ಹುಚ್ಚಿಯಲ್ಲ, ಮೈಗಳ್ಳಿಯಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರಲ್ಲ ಎಂಬುದಕ್ಕೆ.

ಆಮೇಲೆ ಹಾರ್ಮೋನು ಚಿಕಿತ್ಸೆ ನಡೆಯಿತು, ಇನ್ನೊಂದು ಆಪರೇಷನ್ ಆಯಿತು. ನೋವು ಅರ್ಧಕ್ಕಿಳಿಯಿತು, ಪೂರ್ತಿ ಹೋಗಲಿಲ್ಲ. ಮಕ್ಕಳಾಗಲಿಲ್ಲ. ಸಂಬಳಕ್ಕೆ ನನ್ನದೇ ಹೆಸರಿನ ಪಾಸ್‌ಬುಕ್ ಮಾಡಿಸಿಕೊಂಡೆ. 1996ರಿಂದ ಬೇರೆ ಮನೆ ಮಾಡಿಕೊಂಡೆ. ಮುಟ್ಟು ನಿಂತ ಮೇಲೆ ದೇಹಕ್ಕೆ ನೆಮ್ಮದಿ ಬಂತು. ನಿವೃತ್ತಿಯ ನಂತರ ನಮ್ಮ ಬಡಾವಣೆಯ ಸ್ತ್ರೀಶಕ್ತಿ ಸಂಘಗಳ ಸಭೆಗಳಿಗೆ ಹೋಗಿ ಕುಳಿತುಕೊಳ್ಳುತ್ತೇನೆ.

ಓದಿದವಳಾದ್ದರಿಂದ ನನಗಾದರೂ ದಾರಿ ಸಿಕ್ಕಿತು ಎಂದು ಕೆಲವರು ಹೇಳುವುದುಂಟು. ಓದು ಒಂದೇ ಸಾಲದು. ಇಂಗ್ಲೆಂಡಿನ ಹೆಸರಾಂತ ಕಾದಂಬರಿಗಾರ್ತಿ ಹಿಲರಿ ಮ್ಯಾಂಟೆಲ್ ಎರಡು ಸಲ ಬೂಕರ್ ಪ್ರಶಸ್ತಿ ಪಡೆದವರು. ಅವರು ಹರೆಯದಲ್ಲಿ ನೋವೆಂದು ವೈದ್ಯರ ಬಳಿ ಹೋದರೆ ಅವರಿಗೆ ಸಿಕ್ಕಿದ್ದು ಮನೋರೋಗದ ಮಾತ್ರೆಗಳು. ಮುಂದೆ ಆಫ್ರಿಕದ ಬೋಟ್ಸ್‌ವಾನಾದಲ್ಲಿದ್ದಾಗ ವೈದ್ಯಕೀಯ ಪುಸ್ತಕ ಓದಿ ತಮ್ಮ ಕಾಯಿಲೆ ಎಂಡೊಮೆಟ್ರಿಯೋಸಿಸ್ ಎಂದು ತಾವೇ ಕಂಡುಕೊಂಡರು. 27ನೇ ವಯಸ್ಸಿನಲ್ಲಿ ಆಪರೇಷನ್ ಆಗಿ ಮಕ್ಕಳಾಗುವ ಸಾಧ್ಯತೆಯನ್ನೇ ಕಳೆದುಕೊಂಡರು. ಇದನ್ನೆಲ್ಲ 2003ರಲ್ಲಿ ತಮ್ಮ ಆತ್ಮಕಥನದಲ್ಲಿ ಬರೆದರು. ಅಂಥ ದೇಶದಲ್ಲಿ ಅಂಥ ಹೆಂಗಸಿನ ಮಾತನ್ನೇ ನಂಬದಿದ್ದರೆ, ನಮ್ಮ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಕೈಗೂಸು ಎತ್ತಿಕೊಂಡು ನಿಂತ ಕೂಲಿ ಹೆಂಗಸಿನ ಮಾತನ್ನು ಯಾರು ನಂಬಬೇಕು?

ಮೂರು ಸುಳ್ಳು ಮದ್ದುಗಳು

ನಮ್ಮ ಸಮಾಜ ಈ ನೋವಿಗೆ ಮೂರು ಮದ್ದು ಹೇಳುತ್ತದೆ. ಹುಡುಗಿಗೆ, ‘ಮದುವೆ ಮಾಡಿ, ಸರಿಹೋಗುತ್ತೆ.’ ಮದುವೆಯಾದವಳಿಗೆ, ‘ಒಂದು ಮಗುವಾಗಲಿ, ಸರಿಹೋಗುತ್ತೆ.’ ಮಗುವಾದವಳಿಗೆ, ‘ಗರ್ಭಕೋಶ ತೆಗೆಸಿಬಿಡಿ, ಸರಿಹೋಗುತ್ತೆ.’ ಮೂರರಲ್ಲಿಯೂ ಹೆಣ್ಣಿನ ದೇಹವನ್ನು ಏನು ಮಾಡಬೇಕೆಂದು ಬೇರೆಯವರು ತೀರ್ಮಾನಿಸುತ್ತಾರೆ. ನೋವು ಎಲ್ಲಿ, ಎಷ್ಟು ಎಂದು ಅವಳನ್ನು ಕೇಳುವವರಿಲ್ಲ.

ಮದುವೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಕೂಡುವಾಗಲೇ ನೋವಾಗುವ ಹುಡುಗಿಯನ್ನು ಏನೂ ತಿಳಿಸದೆ ಮದುವೆ ಮಾಡಿ ಕಳಿಸಿದರೆ ಅವಳ ಮೊದಲ ರಾತ್ರಿಯಿಂದಲೇ ಹಿಂಸೆ ಶುರು. ಬಸುರಿಯಿದ್ದಾಗ ಮುಟ್ಟು ನಿಂತಿರುವುದರಿಂದ ಕೆಲವರಿಗೆ ನೋವು ಕಡಿಮೆಯಾಗಬಹುದು, ಹೆತ್ತ ಮೇಲೆ ಮರಳಿ ಬರಬಹುದು. ಅದನ್ನು ಚಿಕಿತ್ಸೆ ಎನ್ನಲಾಗದು. ಇನ್ನು ಗರ್ಭಕೋಶದ ವಿಚಾರ. ಕಾಯಿಲೆ ಇರುವುದು ಗರ್ಭಕೋಶದ ಹೊರಗೆ. ಹೊರಗಿನದನ್ನು ಹಾಗೇ ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯಗಳನ್ನೂ ತೆಗೆದರೆ ಮೂಳೆ ಸವೆಯುವುದು, ಹೃದಯದ ತೊಂದರೆ ಮುಂತಾದ ಬೇರೆ ಕಷ್ಟಗಳು ಬೇಗ ಬರುತ್ತವೆ. ಕೆಲವರಿಗೆ ಈ ಆಪರೇಷನ್ ನಿಜವಾಗಿಯೂ ಬೇಕಾಗುತ್ತದೆ. ಆದರೆ ಹಣದಾಸೆಗೆ ಬೇಡದವರಿಗೂ ಮಾಡಿದ ಉದಾಹರಣೆಗಳು ನಮ್ಮ ಕಣ್ಣೆದುರೇ ಇವೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು ಬೀದಿಗಿಳಿದು ಹೋರಾಡಿದ್ದು ಇದೇ ಅನ್ಯಾಯದ ವಿರುದ್ಧ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ದೇಶಕ್ಕೆಲ್ಲ ತಿಳಿಯಿತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಆದೇಶ ನೀಡಿತು. ಆದ್ದರಿಂದ ಯಾರಾದರೂ ‘ತೆಗೆಸಿಬಿಡಿ’ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಸಹಿ ಹಾಕಬೇಡಿ.

ಹಾಗಾದರೆ ನಿಜವಾದ ಚಿಕಿತ್ಸೆ ಏನು? ಬುಡಸಮೇತ ಕಿತ್ತುಹಾಕುವ ಮದ್ದು ಇನ್ನೂ ಬಂದಿಲ್ಲ, ಆದರೆ ಹತೋಟಿಯಲ್ಲಿಡುವ ದಾರಿಗಳಿವೆ. ನೋವಿನ ಮಾತ್ರೆಗಳನ್ನು ಊಟವಾದ ಮೇಲೆ, ವೈದ್ಯರು ಹೇಳಿದಷ್ಟು ಮಾತ್ರ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಕೊಂಡು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೆ ತೊಂದರೆ. ಮುಟ್ಟನ್ನು ತಗ್ಗಿಸುವ ಅಥವಾ ನಿಲ್ಲಿಸುವ ಹಾರ್ಮೋನು ಮಾತ್ರೆಗಳಿವೆ. ಹಾರ್ಮೋನು ಒಸರುವ ವಂಕಿಯೂ ಇದೆ. ಅಗತ್ಯವಿದ್ದರೆ ಲ್ಯಾಪರೊಸ್ಕೋಪಿಯ ಮೂಲಕ ಆ ಅಂಗಾಂಶವನ್ನು ತೆಗೆಯುತ್ತಾರೆ. ಬಿಸಿ ಶಾಖ, ನಡಿಗೆ, ಸಾಕಷ್ಟು ನಿದ್ದೆ ಇವೂ ನೆರವಾಗುತ್ತವೆ. ಸ್ಕ್ಯಾನಿನಲ್ಲಿ ಚಾಕೊಲೇಟ್ ಸಿಸ್ಟ್ ಕಾಣುತ್ತದೆ, ಆದರೆ ತೆಳುವಾಗಿ ಹರಡಿದ ಕಾಯಿಲೆ ಕಾಣದೇ ಇರಬಹುದು. ‘ಸ್ಕ್ಯಾನಿನಲ್ಲಿ ಏನೂ ಇಲ್ಲ’ ಎಂದಾಕ್ಷಣ ನೋವು ಸುಳ್ಳಾಗುವುದಿಲ್ಲ. ಲಕ್ಷಣಗಳನ್ನು ಕೇಳಿಯೇ ಚಿಕಿತ್ಸೆ ಶುರುಮಾಡಬಹುದೆಂದು ಯುರೋಪಿನ ತಜ್ಞವೈದ್ಯರ 2022ರ ಮಾರ್ಗದರ್ಶಿ ಹೇಳುತ್ತದೆ.

ಕಾಯಿಲೆ ಹಿಂಸೆಯಾಗುವ ಜಾಗಗಳು

ನಮ್ಮ ಸಂಘದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ. ಈ ನೋವಿಗೆ ವೈದ್ಯರು ಗರ್ಭನಿರೋಧಕ ಮಾತ್ರೆಗಳನ್ನೇ ಬರೆದುಕೊಟ್ಟಿದ್ದರು. ಅದು ಸರಿಯಾದ ಚಿಕಿತ್ಸೆಯೇ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದ ಮಾತ್ರೆಯ ಪಟ್ಟಿ ಅತ್ತೆಯ ಕೈಗೆ ಸಿಕ್ಕಿತು. ‘ಮಕ್ಕಳು ಬೇಡ ಅಂತ ಕದ್ದು ಮಾತ್ರೆ ನುಂಗ್ತಾಳೆ, ಇವಳಿಗೆ ಬೇರೆ ಯಾರೋ ಇದ್ದಾರೆ’ ಎಂದು ರಂಪವಾಯಿತು. ಗಂಡ ಹೊಡೆದ. ಮಾತ್ರೆಗಳನ್ನು ಬಚ್ಚಲ ಒಲೆಗೆ ಹಾಕಿದರು. ಚಿಕಿತ್ಸೆ ಅಲ್ಲಿಗೆ ನಿಂತಿತು. ಸಂಘದ ಮೂವರು ಹೆಂಗಸರು ಗಂಡನನ್ನೂ ಅತ್ತೆಯನ್ನೂ ವೈದ್ಯೆಯ ಮುಂದೆ ಕೂರಿಸಿ, ‘ಇದು ಹೊಟ್ಟೆನೋವಿನ ಔಷಧಿ’ ಎಂದು ಅವರ ಬಾಯಿಂದಲೇ ಹೇಳಿಸಿದ ಮೇಲೆ ಮಾತ್ರೆ ಮತ್ತೆ ಮನೆಯೊಳಗೆ ಬಂತು. ಈಗ ಪಟ್ಟಿ ಸಂಘದ ಅಧ್ಯಕ್ಷೆಯ ಮನೆಯಲ್ಲಿರುತ್ತದೆ. ಸಂಜೆ ನೀರು ಹಿಡಿಯಲು ಬಂದಾಗ ಹುಡುಗಿ ಒಂದು ನುಂಗಿ ಹೋಗುತ್ತಾಳೆ.

ಹಾಸಿಗೆಯ ವಿಚಾರವನ್ನು ನಾವು ಹೆಂಗಸರು ನಮ್ಮ ನಮ್ಮಲ್ಲಿಯೂ ಆಡುವುದಿಲ್ಲ. ನೋವಾಗುತ್ತದೆ ಎಂದು ಬೇಡವೆಂದವಳನ್ನು ಬಲವಂತ ಮಾಡುವುದು ಹಿಂಸೆಯೇ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ನಮ್ಮ ದಂಡ ಸಂಹಿತೆ ಅತ್ಯಾಚಾರವೆಂದು ಒಪ್ಪುವುದಿಲ್ಲ. ಇದರ ವಿರುದ್ಧ ಮಹಿಳಾ ಚಳುವಳಿ ಹೋರಾಡುತ್ತಲೇ ಇದೆ. ಆದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸೇರಿದೆ ಎಂಬುದನ್ನು ನೆನಪಿಡಿ.

ಮಗುವಾಗದಿದ್ದರೆ ಪರೀಕ್ಷೆ, ಪೂಜೆ, ಹರಕೆ ಎಲ್ಲವೂ ಹೆಣ್ಣಿಗೇ. ಗಂಡಸಿನ ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಖರ್ಚೂ ಕಡಿಮೆ, ಯಾವ ಚೂರಿಯೂ ಬೇಕಿಲ್ಲ. ಕಾರಣ ಗಂಡಸಿನಲ್ಲಿಯೂ ಇರಬಹುದು, ಇಬ್ಬರಲ್ಲಿಯೂ ಇರಬಹುದು. ಎಂಡೊಮೆಟ್ರಿಯೋಸಿಸ್ ಇರುವ ಎಷ್ಟೋ ಹೆಂಗಸರು ಮಕ್ಕಳನ್ನು ಹೆತ್ತಿದ್ದಾರೆ. ಆಗದಿದ್ದರೂ ಅವಳ ಮಾನ, ಮನೆಯಲ್ಲಿ ಅವಳ ಹಕ್ಕು ಕಡಿಮೆಯಾಗಬೇಕಾಗಿಲ್ಲ.

ಕಾನೂನು ಏನು ಹೇಳುತ್ತದೆ?

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮಿನಲ್ಲಿ ಒಂದು ಮಾತಿದೆ. ಮಗುವಾಗಲಿಲ್ಲ ಅಥವಾ ಗಂಡು ಮಗುವಾಗಲಿಲ್ಲ ಎಂದು ಹೀಯಾಳಿಸುವುದು, ಅವಮಾನಿಸುವುದು ಕೂಡ ಕೌಟುಂಬಿಕ ದೌರ್ಜನ್ಯ. ಅಂದರೆ ‘ಬಂಜೆ’ ಎಂಬ ಬೈಗುಳದ ವಿರುದ್ಧವೂ ಕೋರ್ಟಿಗೆ ಹೋಗಬಹುದು. ಆರೋಗ್ಯಕ್ಕೆ ಹಾನಿ ಮಾಡುವುದು, ಅವಳ ಹಣವನ್ನು ಅವಳಿಗೆ ಕೊಡದಿರುವುದು, ವರದಕ್ಷಿಣೆ ಅಥವಾ ಬೇರೆ ಸ್ವತ್ತಿಗಾಗಿ ಅವಳನ್ನೋ ತವರಿನವರನ್ನೋ ಪೀಡಿಸುವುದು ಇವೂ ಅದರಲ್ಲಿ ಸೇರಿವೆ. 20ನೇ ಕಲಮಿನಂತೆ ಚಿಕಿತ್ಸೆಯ ಖರ್ಚು, ಕಳೆದುಕೊಂಡ ಸಂಪಾದನೆ ಕೊಡಿಸುವಂತೆ ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕಾಯ್ದೆ ಕೊಡುತ್ತದೆ. ದೂರು ಕೊಡಲು ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ನೀವೆಲ್ಲ ಬಲ್ಲ ಸಿಡಿಪಿಒ ಕಚೇರಿಯೇ ಅದು. 181 ಮಹಿಳಾ ಸಹಾಯವಾಣಿಗೂ ಕರೆ ಮಾಡಬಹುದು.

1983ರಲ್ಲಿ ಬಂದ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹೆಣ್ಣಿನ ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಅಪಾಯ ತರುವ ನಡತೆಯನ್ನು ಅದು ಕ್ರೌರ್ಯ ಎನ್ನುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮಕ್ಕಳಾಗದಿರುವುದು ವಿಚ್ಛೇದನಕ್ಕೆ ಕಾರಣವಲ್ಲ. ಮೊದಲ ಹೆಂಡತಿ ಇರುವಾಗ ಹಾಗೆ ಇನ್ನೊಬ್ಬಳನ್ನು ಕಟ್ಟಿಕೊಳ್ಳುವುದು ಏಳು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ‘ಮಕ್ಕಳಾಗಲಿಲ್ಲ, ನೀನೇ ಒಪ್ಪಿ ಸಹಿ ಹಾಕು’ ಎಂದು ಯಾರಾದರೂ ಕಾಗದ ಹಿಡಿದು ಬಂದರೆ ಸಹಿ ಹಾಕಬೇಡಿ. ಆ ಸಹಿಯಿಂದ ಅವನ ಎರಡನೇ ಮದುವೆ ಕಾನೂನುಬದ್ಧವಾಗುವುದಿಲ್ಲ.

ಸಂಘ ಏನು ಮಾಡಬಹುದು?

ಕಾನೂನಿನ ಬಾಗಿಲು ತಟ್ಟುವ ಮೊದಲೇ ಸಂಘ ಮಾಡಬಹುದಾದ ಕೆಲಸ ಬಹಳವಿದೆ. ದೊಡ್ಡ ಸಂಸ್ಥೆ ಬೇಕಿಲ್ಲ, ವಾರದ ಸಭೆ ಸಾಕು. ನಮ್ಮ ಬಡಾವಣೆಯಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಮೊದಲನೆಯದು, ನೋವಿನ ಲೆಕ್ಕ. ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಬರೆಯಲು ನಾವು ಕಲಿತೆವು. ಹಾಗೆಯೇ ನೋವಿನ ಲೆಕ್ಕವನ್ನೂ ಬರೆಯಬಹುದು. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ತಾರೀಖು, ನೋವು ಎಲ್ಲಿ, ಹತ್ತಕ್ಕೆ ಎಷ್ಟು, ಎಷ್ಟು ಬಟ್ಟೆ ಅಥವಾ ಪ್ಯಾಡ್ ಬದಲಿಸಿದಿರಿ, ಕೂಲಿ ಎಷ್ಟು ದಿನ ತಪ್ಪಿತು, ಮಲ ಮೂತ್ರಕ್ಕೆ ಹೋದಾಗ, ಕೂಡಿದಾಗ ನೋವಿತ್ತೇ ಎಂದು ಬರೆದಿಡಿ. ಬರೆಯಲು ಬಾರದವರಿಗೆ ಇನ್ನೊಬ್ಬರು ಬರೆದುಕೊಡಿ. ಮೂರು ತಿಂಗಳ ಲೆಕ್ಕ ಕೈಯಲ್ಲಿದ್ದರೆ ವೈದ್ಯರು ಕೇಳಲೇಬೇಕಾಗುತ್ತದೆ. ಮುಂದೆ ಕೋರ್ಟಿನಲ್ಲಿಯೂ ಅದು ನಿಮ್ಮ ಮಾತಿಗೆ ಬೆಂಬಲವಾಗಬಹುದು.

ಎರಡನೆಯದು, ಯಾರನ್ನೂ ಆಸ್ಪತ್ರೆಗೆ ಒಂಟಿಯಾಗಿ ಕಳಿಸಬೇಡಿ. ಜೊತೆಗೊಬ್ಬಳು ಇದ್ದರೆ ಮರೆತ ಪ್ರಶ್ನೆಯನ್ನು ಅವಳು ಕೇಳುತ್ತಾಳೆ. ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಹುಬ್ಬಳ್ಳಿಯ ಕಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ. ಹೋಗುವಾಗ ಬಿಪಿಎಲ್ ಕಾರ್ಡು, ಆಧಾರ್ ಕಾರ್ಡು, ಆಯುಷ್ಮಾನ್ ಆರೋಗ್ಯ ಕರ್ನಾಟಕ ಕಾರ್ಡು ತೆಗೆದುಕೊಂಡು ಹೋಗಿ. ಆಪರೇಷನ್ ಯೋಜನೆಯಲ್ಲಿ ಬರುತ್ತದೆಯೇ ಎಂದು ಮೊದಲೇ ಕೇಳಿ. ಜ್ವರದ ಜೊತೆ ಹೊಟ್ಟೆನೋವು, ತಲೆಸುತ್ತಿ ಬೀಳುವುದು, ಮುಟ್ಟು ತಪ್ಪಿದ ಮೇಲೆ ಒಂದು ಪಕ್ಕಕ್ಕೆ ತಡೆಯಲಾರದ ನೋವು ಬಂದರೆ ಲೆಕ್ಕ ಬರೆಯುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಮೂರನೆಯದು, ಆಂತರಿಕ ಸಾಲ. ಮಗಳ ಮದುವೆಗೆ, ಹಸುವಿಗೆ ಸಾಲ ಕೊಡುತ್ತೇವೆ. ಸ್ಕ್ಯಾನಿಗೆ, ಬಸ್ಸಿನ ಚಾರ್ಜಿಗೆ ಏಕೆ ಕೊಡಬಾರದು? ನಮ್ಮ ಸಂಘ ಇದಕ್ಕಾಗಿ ಸಣ್ಣ ಮೊತ್ತವನ್ನು ಬಡ್ಡಿಯಿಲ್ಲದೆ ಎತ್ತಿಟ್ಟಿದೆ. ತವರಿಗೆ ಕೈಚಾಚಬೇಕಾದ ಗತಿ ಹೆಣ್ಣಿಗೆ ತಪ್ಪಿದರೆ, ಆ ನೆಪದ ಪೀಡನೆಯೂ ಅಷ್ಟು ಕಡಿಮೆಯಾಗುತ್ತದೆ.

ನಾಲ್ಕನೆಯದು, ನಮ್ಮ ಹೆಣ್ಣುಮಕ್ಕಳು. ತಿಂಗಳಿಗೆ ಎರಡು ದಿನ ಶಾಲೆ ತಪ್ಪಿಸುವ ಹುಡುಗಿಯನ್ನು ‘ನಾಟಕ ಮಾಡ್ತಾಳೆ’ ಎನ್ನಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್‌ಗಳಿವೆ, ಆಶಾ ಕಾರ್ಯಕರ್ತೆಯನ್ನು ಕೇಳಿ ಕರೆದುಕೊಂಡು ಹೋಗಿ. ನೋವಿಗೆ ಮದ್ದೆಂದು ಮದುವೆಯ ಮಾತಾಡುವವರಿಗೆ ಅಲ್ಲೇ ಉತ್ತರ ಕೊಡಿ.

ಕೊನೆಯದಾಗಿ, ನಾವು ಅತ್ತೆಯಂದಿರು. ಈ ಓದುಗರಲ್ಲಿ ಸೊಸೆಯಂದಿರಷ್ಟೇ ಅತ್ತೆಯಂದಿರೂ ಇದ್ದೀರಿ. ನಮಗೆ ಯಾರೂ ಬಿಸಿನೀರು ಕೊಡಲಿಲ್ಲ ಎಂಬುದು ಸೊಸೆಗೆ ಕೊಡದಿರಲು ಕಾರಣವಾಗಬಾರದು.

ಸರ್ಕಾರವನ್ನೂ ನಾವು ಕೇಳಬೇಕು. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿ, ಖಾಸಗಿ ಕಂಪನಿ, ಗಾರ್ಮೆಂಟ್ಸ್ ಎಲ್ಲವನ್ನೂ ಸೇರಿಸಿ ಮಾಡಿದ ನೀತಿ ಅದು, ಸ್ವಾಗತಾರ್ಹ. ಆದರೆ ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ, ಬೀಡಿ ಕಟ್ಟುವವಳಿಗೆ ಈ ರಜೆ ಕೊಡುವವರು ಯಾರು? ಆಸ್ಟ್ರೇಲಿಯಾ 2018ರಲ್ಲಿಯೇ ಈ ಒಂದು ಕಾಯಿಲೆಗಾಗಿ ರಾಷ್ಟ್ರೀಯ ಕಾರ್ಯಯೋಜನೆ ಮಾಡಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಈ ಕಾಯಿಲೆಯ ತರಬೇತಿ ಸಿಗಬೇಕು. ಹಾರ್ಮೋನು ಮಾತ್ರೆಗಳು ಅಲ್ಲಿಯೇ ಪುಕ್ಕಟೆ ಸಿಗಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳೋಣ. ಮುಟ್ಟಿನ ಮಾತು ಗ್ರಾಮಸಭೆಯಲ್ಲೇ ಎಂದು ಗಂಡಸರು ಮುಸಿಮುಸಿ ನಕ್ಕರೆ ನಗಲಿ. ಸಾರಾಯಿ ನಿಲ್ಲಿಸಿ ಎಂದಾಗಲೂ ನಕ್ಕಿದ್ದರು.

ಗೆಳತಿಯರೇ, ಮುಂದಿನ ವಾರದ ಸಭೆಯಲ್ಲಿ ಹಣ ಎಣಿಸಿ ಮುಗಿಸಿದ ಮೇಲೆ ಹತ್ತು ನಿಮಿಷ ಹೆಚ್ಚಿಗೆ ಕುಳಿತುಕೊಳ್ಳಿ. ‘ನಮ್ಮಲ್ಲಿ ಯಾರಿಗೆ ತಿಂಗಳು ತಿಂಗಳೂ ಏಳಲಾರದಷ್ಟು ನೋವು ಬರುತ್ತೆ?’ ಎಂದು ಕೇಳಿ. ಮೊದಲು ಯಾರೂ ಮಾತಾಡುವುದಿಲ್ಲ, ಸ್ವಲ್ಪ ಹೊತ್ತು ಕಾಯಿರಿ. ಒಬ್ಬಳು ಬಾಯಿಬಿಟ್ಟರೆ ಅವಳನ್ನು ನಂಬಿ. ಮರುದಿನ ಅವಳ ಜೊತೆ ಆಸ್ಪತ್ರೆಗೆ ಯಾರು ಹೋಗುತ್ತೀರಿ ಎಂಬುದನ್ನು ಸಭೆ ಮುಗಿಯುವ ಮೊದಲೇ ನಿರ್ಧರಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ.